ಲಿಸ್ಬನ್ನಿನಲ್ಲಿ ಬಿಚ್ಚಿದ ಗಂಟು

ಟೊರೊಂಟೊದ ರೆಕ್ಸ್‌ಡೇಲಿನ ಒಂದು ಬ್ರೆಡ್ ಫ್ಯಾಕ್ಟರಿಯಲ್ಲಿ ಬನ್ನಿನ ಲೈನಿಗೆ ನಿಂತ ಹೆಂಗಸರನ್ನು ದೂರದಿಂದ ನೋಡಿದರೆ ಎಲ್ಲರೂ ಒಂದೇ ಥರ. ತಲೆಗೆ ಬಲೆ, ಮೈಗೆ ಬಿಳಿ ಕೋಟು, ಕೈಗೆ ನೀಲಿ ಗ್ಲೌಸು. ಆದರೆ ತುಸು ಹೊತ್ತು ನಿಂತು ನೋಡಿ. ಅವರಲ್ಲಿ ಒಬ್ಬಾಕೆ ನಡುನಡುವೆ ತೋಳು ಮಡಚಿ ಎದೆಯ ನಟ್ಟನಡುವೆ ಒಮ್ಮೆ ಒತ್ತಿಕೊಳ್ಳುತ್ತಾಳೆ. ಗ್ಲೌಸು ಹಾಕಿದ ಬೆರಳು ಬಟ್ಟೆಗೆ ತಾಗಬಾರದು ಅಂತ ಅಲ್ಲಿನ ರೂಲು, ಅದಕ್ಕೇ ತೋಳು. ಒತ್ತಿಕೊಂಡಾಗ ಒಳಗಿದ್ದದ್ದು ತಾಗುತ್ತದೆ. ತಾಗಿದರೆ ಸಾಕು, ಮತ್ತೆ ಬನ್ನು.

ಅವಳೇ ಜಯಶೀಲಾ. ಬೈಲಹೊಂಗಲದ ಕಡೆಯವಳು. ಅವಳು ತೊಟ್ಟಿಲ ಕೂಸಾಗಿದ್ದಾಗಲೇ ಮನೆತನದ ಅಯ್ಯನವರು ಬಂದು ಲಿಂಗ ಕಟ್ಟಿದ್ದರು. ನೇರಳೆ ಹಣ್ಣಿನಷ್ಟು ದಪ್ಪ, ನೇರಳೆಯಷ್ಟೇ ಕಪ್ಪು; ಬೂದಿ ಬೆರೆಸಿದ ಕಂತಿ ಮೆತ್ತಿ ಮಾಡಿದ್ದು, ಕಲ್ಲಿನಂತೆ ಕಂಡರೂ ಕೈಗೆ ಹಗುರ. ಬೆಳ್ಳಿಯ ಕರಡಿಗೆಯೊಳಗೆ, ಶಿವದಾರದಲ್ಲಿ, ಎದೆಯ ಮೇಲೆ. ಬಾಣಂತನದಲ್ಲೂ ಆಪರೇಷನ್ನಿನಲ್ಲೂ ಅದು ಮೈಬಿಟ್ಟು ಹೋದದ್ದಿಲ್ಲ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಒಂದು ಎಲೆ ಏರಿಸಿ, ಕಣ್ಣಿಟ್ಟು ನೋಡಿ, ಆಮೇಲೆಯೇ ಬಾಯಿಗೆ ನೀರು. ಲಿಂಗಾಯತರಲ್ಲಿ ಒಬ್ಬರ ಲಿಂಗ ಇನ್ನೊಬ್ಬರಿಗೆ ಬರುವುದಿಲ್ಲ. ಸತ್ತರೆ ಜೊತೆಗೇ ಮಣ್ಣಿಗೆ. ಅವಳ ಗಂಡ ನಿಜಲಿಂಗಪ್ಪ ತೀರಿಕೊಂಡಾಗ ಅವನದನ್ನು ಅವನ ಎಡಗೈಯಲ್ಲಿಟ್ಟು, ಬೆರಳು ಮಡಚಿ, ಪಕ್ಕದ ಬ್ರಾಂಪ್ಟನ್ನಿನ ಮಣ್ಣಿಗೆ ಕೊಟ್ಟು ಬಂದಿದ್ದಳು. ಕಳೆದುಹೋದರೆ? ಹಳಬರು ಹೇಳುತ್ತಿದ್ದದ್ದು ಕಠಿಣ: ಸಿಗುವ ತನಕ ಅನ್ನವಿಲ್ಲ. ಸಿಗದಿದ್ದರೆ ಗುರು ಬಂದು ಹೊಸದು ಕಟ್ಟುವ ತನಕ ಇಲ್ಲ. ಅದು ತನಗೆ ಸಂಬಂಧಪಟ್ಟ ಮಾತು ಅಂತ ಜಯಶೀಲಾ ಯಾವತ್ತೂ ಅಂದುಕೊಂಡವಳಲ್ಲ.

ಲೈನಿನ ಆಚೆ ಬದಿ ಅವಳ ಎದುರಿಗೆ ನಿಲ್ಲುವವಳು ಫಿಲೋಮಿನಾ. ಲಿಸ್ಬನ್ನಿನಲ್ಲಿ ಹುಟ್ಟಿ, ಮದುವೆಯಾಗಿ ಟೊರೊಂಟೊಗೆ ಬಂದವಳು. "ಗಂಡನ್ನ ಬಿಟ್ಟೆ, ಬ್ರೆಡ್ ಬಿಡಲಿಲ್ಲ" ಅಂತ ತನ್ನ ಕತೆಯನ್ನು ಅವಳೇ ಮುಗಿಸುತ್ತಾಳೆ. ಇಬ್ಬರ ಇಂಗ್ಲಿಷೂ ಅರೆಬೆಂದದ್ದು, ಹಾಗಾಗಿ ಚೆನ್ನಾಗಿ ಹೊಂದಿಕೊಂಡಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಫಿಲೋಮಿನಾ ಜಗಳ ತೆಗೆದಿದ್ದಳು: "ನನ್ನ ಶಿಲುಬೆ ಲಾಕರಿನಲ್ಲಿ, ನಿಂದು ಕೊರಳಲ್ಲಿ, ಯಾಕೆ?"

"ಅದು ಒಡವೆ ಅಲ್ಲ. ಕಿವಿ ಇದ್ದ ಹಾಗೆ. ಲಾಕರಿನಲ್ಲಿ ಕಿವಿ ಇಡುತ್ತಾರಾ?" ಅಂದಿದ್ದಳು ಜಯಶೀಲಾ.

ಫಿಲೋಮಿನಾ ಲೈನು ನಿಲ್ಲಿಸುವಷ್ಟು ನಕ್ಕಳು. ಅವತ್ತಿನಿಂದ ಗೆಳತಿ.

ಜಯಶೀಲಾಳ ಮಗಳು ಅಕ್ಷರಾ. ಇಲ್ಲೇ ಹುಟ್ಟಿದವಳು, ಯೂನಿಯನ್‌ವಿಲ್ಲಿನ ಹತ್ತಿರ ಕಂಪ್ಯೂಟರ್ ಕೆಲಸ, ಅಲ್ಲೇ ಗೆಳತಿಯರ ಜೊತೆ ವಾಸ. ಅವಳಿಗೂ ತೊಟ್ಟಿಲಲ್ಲಿ ಲಿಂಗ ಕಟ್ಟಿದ್ದರು. ಹೈಸ್ಕೂಲಿನಲ್ಲಿ ಈಜು ಕಲಿಯುವಾಗ ಬಿಚ್ಚಿ ರೆಕ್ಸ್‌ಡೇಲಿನ ಮನೆಯ ಡ್ರಾಯರಿನಲ್ಲಿ ಇಟ್ಟಳು. ಅದು ಅಲ್ಲೇ ಉಳಿಯಿತು. ತಾಯಿ ಕೇಳಲಿಲ್ಲ, ಮಗಳು ಹೇಳಲಿಲ್ಲ.

ಈ ಅಕ್ಷರಾಗೆ ತಾಯಿಯನ್ನು ಎಲ್ಲಾದರೂ ಕರೆದುಕೊಂಡು ಹೋಗುವ ಆಸೆ. ಅಪ್ಪ ಹೋದ ಮೇಲೆ ಅವ್ವ ಫ್ಯಾಕ್ಟರಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಫ್ಯಾಕ್ಟರಿ. ಊರಿಗೆ ಹೋಗಿಬಂದದ್ದು ಬಿಟ್ಟರೆ ವಿಮಾನ ಹತ್ತಿದವಳಲ್ಲ. "ಅವ್ವಾ, ಲಿಸ್ಬನ್ ಹೋಗೋಣ. ಇಟ್ಸ್ ಗಾರ್ಜಸ್" ಅಂತ ಹಳದಿ ಟ್ರಾಮಿನ ಫೋಟೋ ತೋರಿಸಿದಳು. ಜಯಶೀಲಾ ಅದನ್ನು ಬ್ರೇಕಿನಲ್ಲಿ ಫಿಲೋಮಿನಾಗೆ ತೋರಿಸಿದಳು.

"ಆ ಟ್ರಾಮಿನಲ್ಲಿ ಕೂತವರೆಲ್ಲ ಒಬ್ಬರ ಫೋಟೋ ಒಬ್ಬರು ತೆಗೆಯುತ್ತಿರುತ್ತಾರೆ. ಲಿಸ್ಬನ್ನಿನವರು ಅದರಲ್ಲಿ ಇರುವುದಿಲ್ಲ. ಹೋಗುವುದಾದರೆ ನನ್ನ ಅಕ್ಕನ ಮನೆಗೆ ಹೋಗು. ಅಜೂಡಾ ಅಂತ ಗುಡ್ಡದ ಮೇಲಿನ ಓಣಿ. ಅಲ್ಲಿಗೆ ಟೂರಿಸ್ಟ್ ಬಂದರೆ ದಾರಿ ತಪ್ಪಿ ಬಂದಿದ್ದಾನೆ ಅಂತ ಅರ್ಥ."

ಹಾಗೆ ನಿಶ್ಚಯವಾಯಿತು.

ಇನ್ನು ಕರಡಿಗೆಯ ಮಾತು. ಹಿಂದೊಮ್ಮೆ ಊರಿಗೆ ಹೋಗುವಾಗ ದಾರಿಯ ಯಾವುದೋ ವಿಮಾನ ನಿಲ್ದಾಣದಲ್ಲಿ ಮಿಷಿನ್ನು ಕೂಗಿತ್ತು. ಅಲ್ಲಿದ್ದವನು ಕರಡಿಗೆ ಬಿಚ್ಚಿಸಿ, ಲಿಂಗವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಬೂಟುಗಳಿದ್ದ ಟ್ರೇಯಲ್ಲಿ ಇಟ್ಟಿದ್ದ. ಜಯಶೀಲಾ ಆ ಇಡೀ ಪ್ರಯಾಣ ಏನೂ ತಿನ್ನದೆ ಕಿಟಕಿ ನೋಡಿಕೊಂಡು ಕೂತಿದ್ದಳು. ಅಕ್ಷರಾ ಅದನ್ನು ಮರೆತಿರಲಿಲ್ಲ.

"ಅವ್ವಾ, ಬೆಳ್ಳಿ ಇದ್ರ ತಾನ ಬೀಪ್ ಆಗೂದು? ಕರಡಗಿ ಮನ್ಯಾಗ ಇಡು. ಬಟ್ಟಿಯೊಳಗ ಕಟ್ಕೋ. ಪ್ರಾಬ್ಲಮ್ ಸಾಲ್ವ್ಡ್."

ಜಯಶೀಲಾ ಚನ್ನಬಸಯ್ಯನವರಿಗೆ ಫೋನು ಮಾಡಿದಳು. ಗದಗಿನ ಕಡೆಯ ಜಂಗಮರು, ಟೊರೊಂಟೊದ ಉತ್ತರಕ್ಕಿರುವ ನ್ಯೂಮಾರ್ಕೆಟ್ ಅನ್ನುವ ಊರಿನ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಈ ಸುತ್ತಲಿನ ಲಿಂಗಾಯತರ ಮನೆಗಳಲ್ಲಿ ಕೂಸಿಗೆ ಲಿಂಗ ಕಟ್ಟುವುದಿದ್ದರೂ ಸತ್ತವರಿಗೆ ಮಣ್ಣು ಕೊಡುವುದಿದ್ದರೂ ಅವರೇ ಬರಬೇಕು.

"ವಸ್ತ್ರದಾಗ ಕಟ್ಕೊಳ್ಳೂದು ಹಳೇ ಪದ್ಧತೀನ ಐತಿ ಅಕ್ಕಾರ, ತಪ್ಪಿಲ್ಲ" ಅಂದರು ಅವರು. "ಆದ್ರ ಕರಡಗೀಗೆ ಮುಚ್ಚಳ ಇರ್ತೈತಿ, ವಸ್ತ್ರಕ್ಕ ಗಂಟ ಮುಚ್ಚಳ. ದಿನಾ ಪೂಜಿ ಆದ ಮ್ಯಾಲೆ ಎಳದ ನೋಡ್ರಿ. ಎಳದ ನೋಡಿ, ಮತ್ತೊಮ್ಮೆ ಕಟ್ರಿ."

"ಹೂನ್ರಿ ಅಯ್ನಾರ" ಅಂದಳು ಜಯಶೀಲಾ.

ಈ ಸಲ ವಿಮಾನ ನಿಲ್ದಾಣದಲ್ಲಿ ಮಿಷಿನ್ನು ಕೂಗಲಿಲ್ಲ. ಅಕ್ಷರಾ ಆ ಕಡೆ ನಿಂತು ಚಿಕ್ಕ ಹುಡುಗಿಯಂತೆ ಎರಡೂ ಹೆಬ್ಬೆರಳು ಎತ್ತಿ ತೋರಿಸಿದಳು.

ಅಜೂಡಾ ಹೇಗಿತ್ತು ಅಂತೀರಿ? ಕೆಳಗೆ ನದಿಯ ದಂಡೆಯಲ್ಲಿ ಮೊಟ್ಟೆಯ ಸಿಹಿ ತಿನ್ನಲು ಜಗತ್ತೇ ಸಾಲು ನಿಂತಿತ್ತು. ಬಸ್ಸು ಅವರನ್ನೆಲ್ಲ ಅಲ್ಲೇ ಬಿಟ್ಟು ಗುಡ್ಡ ಹತ್ತಿತು. ಮೇಲೆ ಹೋದಂತೆ ಮಾತು ಕಮ್ಮಿ, ಮೆಟ್ಟಿಲು ಜಾಸ್ತಿ. ಓಣಿಯ ಕೊನೆಗೆ ಒಂದು ಕಮಾನು, ಕಮಾನಿನೊಳಗೆ ಅಂಗಳ, ಅಂಗಳದ ಸುತ್ತ ಪುಟ್ಟಪುಟ್ಟ ಮನೆಗಳು, ನಡುವೆ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿ. ಜಯಶೀಲಾ ಕಮಾನಿನಲ್ಲೇ ನಿಂತು ನಕ್ಕಳು. "ಇದು ವಠಾರ ಅಲ್ಲೇನ!"

ಫಿಲೋಮಿನಾಳ ಅಕ್ಕ ಇದಾಲೀನಾ ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಇಂಗ್ಲಿಷಿನ ಗಾಳಿಯೂ ಇಲ್ಲ. ಬೆಳಿಗ್ಗೆ ಎದ್ದವಳೇ ಬಕೀಟು ತುಂಬಿ ಅಂಗಳಕ್ಕೂ ಕಮಾನಿನಾಚೆಯ ಓಣಿಗೂ ನೀರು ಸುರಿದು ಗುಡಿಸುವವಳು. ಆ ನೀರಿನ ಸದ್ದಿಗೆ ಜಯಶೀಲಾಗೆ ಎಚ್ಚರವಾಗುತ್ತಿತ್ತು. ಒಂದು ಕ್ಷಣ ತಾನು ಎಲ್ಲಿದ್ದೇನೆ ಅಂತ ತಿಳಿಯುತ್ತಿರಲಿಲ್ಲ, ತಿಳಿಯದಿದ್ದುದು ಹಿತವಾಗುತ್ತಿತ್ತು.

ಮೊದಲ ದಿನ ಇದಾಲೀನಾ ಸಾರಿನಲ್ಲಿದ್ದ ಮಾಂಸದ ಚೂರನ್ನು ಚಮಚದಿಂದ ಎತ್ತಿ ಹೊರಗಿಟ್ಟು, "ಈಗ ಸರಿ" ಅನ್ನುವಂತೆ ಬಟ್ಟಲನ್ನು ಮುಂದೆ ತಳ್ಳಿದಳು. ಜಯಶೀಲಾ ಕೈಮುಗಿದಳು, ಬಟ್ಟಲು ಹಿಂದೆ ತಳ್ಳಿದಳು. ಅದು ಮುಂದೆ ಬಂತು, ಇದು ಹಿಂದೆ ಹೋಯಿತು. ಕೊನೆಗೆ ಅಕ್ಷರಾ ಫೋನಿನಲ್ಲಿ ಭಾಷೆ ಬದಲಿಸಿ ಓದಿಸಿದಾಗ ಇದಾಲೀನಾ ತಲೆ ಮೇಲೆ ಕೈ ಹೊತ್ತು, ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ, ಸೊಪ್ಪು ಬೇಯಿಸಿ ತಂದಳು. ಎರಡನೆಯ ದಿನ ಬೆಳಿಗ್ಗೆ ಜಯಶೀಲಾ ಕಿಟಕಿಯ ಕಟ್ಟೆಗೆ ಕೂತು ಅಂಗೈಯಲ್ಲಿ ಲಿಂಗ ಹಿಡಿದಿದ್ದಾಗ ಬಾಗಿಲಲ್ಲಿ ನಿಂತು ನೋಡಿದವಳು, ಸದ್ದಿಲ್ಲದೆ ಹೋಗಿ ತನ್ನ ಕುಂಡದಿಂದ ಒಂದು ಕುಡಿ ಚಿವುಟಿ ತಂದು ಪಕ್ಕದಲ್ಲಿಟ್ಟಳು. ತುಳಸಿಯಂಥದೇ ಎಲೆ, ತುಳಸಿಯಂಥದೇ ವಾಸನೆ. ಜೂನ್ ತಿಂಗಳಲ್ಲಿ ಅಲ್ಲಿ ಮನೆಮನೆಯಲ್ಲೂ ಆ ಕುಂಡ. ಇದಾಲೀನಾಳ ಕುಂಡದಲ್ಲಿ ಮಣ್ಣು ಕಾಣದ ಹಾಗೆ ಮೇಲೆ ನುಣುಪಾದ ಹೊಳೆಗಲ್ಲು ಹಾಸಿತ್ತು.

ಆಮೇಲಿನ ಹೊತ್ತೆಲ್ಲ ಸುತ್ತಾಟ. ಸುತ್ತಾಟ ಅಂದರೆ ನೋಡುವಂಥದ್ದು ಏನೂ ಇಲ್ಲ. ಹೊಸ್ತಿಲಲ್ಲಿ ಕೂತು ಅವರೆಕಾಯಿಯಂಥದೇನೋ ಸುಲಿಯುವ ಹೆಂಗಸರು. ಅವರ ಪಕ್ಕ ಕೂತು ಜಯಶೀಲಾ ತಾನೂ ಸುಲಿದಳು, ಅವರಿಗಿಂತ ಬೇಗ. ಒಬ್ಬಾಕೆ ತನ್ನ ಸೊಂಟ ಮುಟ್ಟಿ ತೋರಿಸಿ ಮುಖ ಕಿವುಚಿದಳು. ಜಯಶೀಲಾ ತನ್ನ ಮೊಣಕಾಲು ತೋರಿಸಿ ಅದಕ್ಕಿಂತ ಹೆಚ್ಚು ಕಿವುಚಿದಳು. ಎಲ್ಲರೂ ನಕ್ಕರು. ದೂರ ನಿಂತ ಅಕ್ಷರಾಗೆ, ಅಪ್ಪ ಹೋದ ಮೇಲೆ ಅವ್ವ ಹೀಗೆ ನಗುವುದನ್ನು ನೋಡಿಯೇ ಇರಲಿಲ್ಲ ಅನ್ನಿಸಿತು.

ಮಾರನೆಯ ದಿನ ಬೆಳಿಗ್ಗೆ ಇದಾಲೀನಾಳ ಮೈದುನನ ತರಕಾರಿ ತೋಟ ನೋಡಲು ಹೋಗುವುದಿತ್ತು. ಜಯಶೀಲಾ ಪೂಜೆ ಮುಗಿಸಿ ವಸ್ತ್ರ ಸುತ್ತಿ ಗಂಟು ಹಾಕುತ್ತಿದ್ದಳು. ಹೊರಗಿನಿಂದ ಅಕ್ಷರಾ ಕೂಗಿದಳು: "ಅವ್ವಾ, ಬಸ್ ಬಂತು! ಹರ್ರಿ ಅಪ್! ಇದು ಹ್ವಾದ್ರ ಇನ್ನೊಂದ ಯಾವಾಗೋ!"

ಜಯಶೀಲಾ ಎದ್ದು ಓಡಿದಳು.

ತೋಟದಲ್ಲಿ ಬಿಸಿಲು, ಬೆವರು. ಅಲ್ಲಿಂದ ಇಳಿಜಾರು, ಒಂದು ಸಣ್ಣ ಅಂಗಡಿಯಲ್ಲಿ ಹಾಲು, ಆಮೇಲೆ ಉದ್ದದ ಮೆಟ್ಟಿಲೋಣಿ. ಸಂಜೆ ಅಂಗಳಕ್ಕೆ ಬಂದು ತೊಟ್ಟಿಯಲ್ಲಿ ಮುಖ ತೊಳೆಯಲು ಬಗ್ಗಿದಾಗ ಕೈ ತಾನಾಗಿ ಎದೆಗೆ ಹೋಯಿತು. ದಾರ ಇತ್ತು. ವಸ್ತ್ರ ಇತ್ತು. ವಸ್ತ್ರ ಚಪ್ಪಟೆಯಾಗಿತ್ತು.

ತೊಟ್ಟಿಯ ಅಂಚು ಹಿಡಿದು ಅಲ್ಲೇ ಕೂತಳು. ಅಕ್ಷರಾ ಓಡಿ ಬಂದಾಗ ಬಿಚ್ಚಿದ ವಸ್ತ್ರವನ್ನು ಮಡಿಲಲ್ಲಿ ಹರವಿಕೊಂಡು ನೋಡುತ್ತಿದ್ದಳು.

"ಅವ್ವಾ... ಬೆಳಿಗ್ಗೆ ನಾನ ನಿನಗ..."

"ಗಂಟ ಹಾಕಿದಾಕಿ ನಾನು" ಅಂದಳು ಜಯಶೀಲಾ. ಅದೊಂದೇ ಮಾತು. ಬೈದಿದ್ದರೆ ಮಗಳಿಗೆ ಅಷ್ಟು ನೋಯುತ್ತಿರಲಿಲ್ಲವೋ ಏನೋ.

ಬೆಳಕಿರುವ ತನಕ ಹುಡುಕಿದರು. ಲಿಸ್ಬನ್ನಿನ ನೆಲ ನೋಡಿದವರಿಗೆ ಗೊತ್ತು. ಅಲ್ಲಿ ಫುಟ್‌ಪಾತಿಗೆ ಸಿಮೆಂಟಿಲ್ಲ, ಮುಷ್ಟಿಗಾತ್ರದ ಕಲ್ಲು ಜೋಡಿಸಿರುತ್ತಾರೆ, ಬಿಳಿಯ ನಡುವೆ ಕರಿಯ ಕಲ್ಲಿನ ಚಿತ್ತಾರ. ಹಿಂದಿನ ದಿನ ಇಬ್ಬರೂ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಈಗ ಪ್ರತಿಯೊಂದು ಕರಿಯ ಕಲ್ಲೂ ದೂರದಿಂದ ಅದೇ ಅನ್ನಿಸುವುದು, ಹತ್ತಿರ ಹೋದರೆ ಅಲ್ಲ. ಜಯಶೀಲಾ ಮೆಟ್ಟಿಲೋಣಿಯಲ್ಲಿ ಮಂಡಿಯೂರಿ, ಸಂದುಸಂದಿಗೆ ಬೆರಳು ಹಾಕಿ ಏರಿದಳು.

ಇದಾಲೀನಾಗೆ ಏನು ಕಳೆದಿದೆ ಅಂತ ಅಕ್ಷರಾ ಫೋನು ಹಿಡಿದು ಹೇಳಿದಳು. ಆ ಫೋನು ಅದನ್ನು ಯಾವ ಪೋರ್ಚುಗೀಸಿಗೆ ತಿರುಗಿಸಿತೋ, ಇದಾಲೀನಾ ಎದೆಯ ಮೇಲೆ ಶಿಲುಬೆ ಗೀಚಿಕೊಂಡು ಓಣಿಯ ಕಿಟಕಿಗಳನ್ನೆಲ್ಲ ಕೂಗಿದಳು. ಹೆಂಗಸರು ಪೊರಕೆ ಹಿಡಿದು ಇಳಿದು ಬಂದರು. ಹಾಲಿನ ಅಂಗಡಿಯ ಮುದುಕ ಕಸದ ಡಬ್ಬಿಯನ್ನೇ ಮಗುಚಿ ಕೆದಕಿದ. ಬಸ್ಸಿನ ಡ್ರೈವರು ಸೀಟುಗಳ ಕೆಳಗೆ ಬ್ಯಾಟರಿ ಬಿಟ್ಟು ನೋಡಿದ. ಮನೆಗೆ ಬಂದ ಇದಾಲೀನಾ ಗೂಡಿನಲ್ಲಿದ್ದ ಸಂತ ಅಂತೋನಿಯ ಬೊಂಬೆಯನ್ನು ಎತ್ತಿ, ಬಯ್ದು, ಮುಖ ಗೋಡೆಗೆ ತಿರುಗಿಸಿ ಇಟ್ಟಳು. ಕಳೆದದ್ದು ಹುಡುಕಿಕೊಡುವುದು ಆತನ ಕೆಲಸ. ಕೊಡುವ ತನಕ ಶಿಕ್ಷೆ.

"ಅಂವಾ ಏನ್ ಮಾಡ್ಯಾನ ಪಾಪ" ಅಂದಳು ಜಯಶೀಲಾ.

ಊಟಕ್ಕೆ ಕರೆದರೆ ಬರಲಿಲ್ಲ. ನೀರು ಕೊಟ್ಟರೆ ಮುಟ್ಟಲಿಲ್ಲ.

"ಅವ್ವಾ, ನಿನಗ ಶುಗರ್ ಐತಿ. ಗುಳಿಗಿ ತಗೋಬೇಕು. ಯು ಕಾಂಟ್ ನಾಟ್ ಈಟ್."

"ಸಿಗಲಿ, ಉಣ್ತೀನಿ."

"ಸಿಗಲಿಲ್ಲ ಅಂದ್ರ?"

ಜಯಶೀಲಾ ಖಾಲಿ ವಸ್ತ್ರವನ್ನು ಮಡಚತೊಡಗಿದಳು.

ಮಾರನೆಯ ದಿನ ಮತ್ತೆ ಅದೇ ತೋಟ, ಅದೇ ಇಳಿಜಾರು, ಅದೇ ಮೆಟ್ಟಿಲು. ಮಧ್ಯಾಹ್ನದ ಬಿಸಿಲಲ್ಲಿ ಜಯಶೀಲಾಳ ತುಟಿ ಬೆಳ್ಳಗಾಯಿತು, ಅವಳು ಗೋಡೆ ಹಿಡಿದು ನಿಂತಳು. ಅಕ್ಷರಾಗೆ ಹೆದರಿಕೆ ಸಿಟ್ಟಾಗಿ ಹೊರಗೆ ಬಂತು: "ಇಟ್ಸ್ ಎ ಸ್ಟೋನ್, ಅವ್ವಾ! ಒಂದ ಕಲ್ಲಿಗೆ ಸಾಯ್ತೀ ಏನ್ ನೀ? ನನಗ್ಯಾರದಾರ ಮತ್ತ?"

ಜಯಶೀಲಾ ಮಗಳ ಕಡೆ ನೋಡಿದಳು, ಆಮೇಲೆ ಬಗ್ಗಿ ಮುಂದಿನ ಮೆಟ್ಟಿಲಿನ ಸಂದಿಗೆ ಬೆರಳು ಹಾಕಿದಳು.

ಅಕ್ಷರಾ ಅಂಗಳಕ್ಕೆ ಬಂದು ಚನ್ನಬಸಯ್ಯನವರಿಗೆ ಫೋನು ಮಾಡಿದಳು. ಅವರ ಹಿಂದೆ ಲಾಂಡ್ರಿಯ ದೊಡ್ಡ ಮಿಷಿನ್ನುಗಳ ಗುಂಯ್ ಅನ್ನುವ ಸದ್ದು.

"ಉಣ್ಣಾಕ ಹೇಳವ್ವಾ ಆಕೀಗೆ. ಬರೇ ಅಂಗೈ ನೋಡ್ಕೊಂಡು, ಲಿಂಗ ಐತಿ ಅಂತ ಭಾವಿಸಿ ಪೂಜಿ ಮಾಡಿ ಉಣ್ಲಿ. ಇಲ್ಲಿ ಬಂದ ಕೂಡ್ಲೆ ನಾ ಹೊಸಾದ ಕಟ್ತೀನಿ."

ಅಕ್ಷರಾ ಓಡಿಹೋಗಿ ಫೋನನ್ನು ತಾಯಿಯ ಕಿವಿಗೆ ಹಿಡಿದಳು. ಜಯಶೀಲಾ ಕೇಳಿಸಿಕೊಂಡು ಹೇಳಿದಳು: "ಹೌದ್ರಿ ಅಯ್ನಾರ. ಆದ್ರ ಅದು ಇಲ್ಲೇ ಎಲ್ಲೋ ಐತ್ರಿ. ಮಂದಿ ಕಾಲಾಗ ಐತಿ. ಅದನ್ನ ಹಂಗ ಬಿಟ್ಟು ನಾ ಹೆಂಗ ತಾಟಿನ ಮುಂದ ಕೂಡ್ಲಿ?"

ಮಿಷಿನ್ನು ಗುಂಯ್ಗುಡುತ್ತಿತ್ತು.

ಸಂಜೆಗೆ ಓಣಿಯವರು ಸಿಕ್ಕಿದ್ದನ್ನೆಲ್ಲ ಒಂದು ತಾಟಿನಲ್ಲಿ ತಂದಿಟ್ಟರು. ಕೋಟಿನ ಗುಂಡಿ, ಆಲಿವ್ ಕಾಯಿಯ ಬೀಜ, ಕಲ್ಲಿದ್ದಲ ಚೂರು, ಯಾವುದೋ ಮಗುವಿನ ಗೋಲಿ. ಜಯಶೀಲಾ ಒಂದೊಂದನ್ನೂ ಎತ್ತಿ ನೋಡಿ ಕೆಳಗಿಟ್ಟಳು. ಪ್ರತಿಯೊಂದಕ್ಕೂ ತಂದವರ ಮುಖ ನೋಡಿ ಕೈಮುಗಿದಳು. ಆಮೇಲೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು, ಆ ಸಂತನ ಹಾಗೆಯೇ. ಮರುದಿನ ವಿಮಾನ.

ಅಕ್ಷರಾ ಅಂಗಳದಲ್ಲಿ ಒಬ್ಬಳೇ ನಿಂತಿದ್ದಳು. ಎದುರಿಗೆ ತುಳಸಿಯಂಥ ಗಿಡದ ಕುಂಡ. ಕುಂಡದ ತುಂಬ ನುಣುಪು ಕಲ್ಲು. ಅವುಗಳಲ್ಲೊಂದು ಕಪ್ಪಗೆ, ನೇರಳೆಯಷ್ಟು ದಪ್ಪಗೆ, ಒಂದು ಬದಿ ಚಪ್ಪಟೆ.

ಅವಳು ಅದನ್ನು ತೆಗೆದುಕೊಂಡಳು. ಅಡುಗೆಮನೆಯಲ್ಲಿದ್ದ ಎಣ್ಣೆ ಸವರಿದಳು. ಲಂಗದ ಅಂಚಿಗೆ ತಿಕ್ಕಿ ತಿಕ್ಕಿ ಹೊಳಪು ತಂದಳು. ತಲೆ ಎತ್ತಿದರೆ ಇದಾಲೀನಾ ಬಾಗಿಲಲ್ಲಿ. ಅವಳು ಕುಂಡ ನೋಡಿದಳು, ಹುಡುಗಿಯ ಕೈ ನೋಡಿದಳು, ಮಲಗಿದವಳ ಕೋಣೆಯ ಕಡೆ ನೋಡಿದಳು. ಆಮೇಲೆ ಗೂಡಿನ ಹತ್ತಿರ ಹೋಗಿ, ಸಂತನ ಮುಖವನ್ನು ಈ ಕಡೆ ತಿರುಗಿಸಿಟ್ಟಳು.

"ಅವ್ವಾ! ಸಿಕ್ತು! ತೊಟ್ಟಿ ಹಿಂದ, ನೀರ ಹೋಗೂ ಸಂದ್ಯಾಗ ಇತ್ತು!"

ಜಯಶೀಲಾ ಎದ್ದು ಕೂತು ಎಡಗೈ ಚಾಚಿದಳು. ಅಂಗೈಯಲ್ಲಿ ಇಟ್ಟದ್ದನ್ನು ನೋಡಿದಳು. ಬಹಳ ಹೊತ್ತು ನೋಡಿದಳು ಅಂತ ಅಕ್ಷರಾಗೆ ಅನ್ನಿಸಿತು, ಹೆದರಿಕೆಗೆ ಹಾಗನ್ನಿಸಿರಲೂಬಹುದು. ಬಾಗಿಲಲ್ಲಿ ಇದಾಲೀನಾ, ಅವಳ ಹಿಂದೆ ಓಣಿಯ ಹೆಂಗಸರು. ಒಬ್ಬಾಕೆ ಆಗಲೇ ಅಳುತ್ತಿದ್ದಳು.

ಜಯಶೀಲಾ ಬೆರಳು ಮಡಚಿದಳು. ಸ್ನಾನ ಮಾಡಿ ಬಂದಳು. ವಿಭೂತಿ ಹಚ್ಚಿದಳು, ಎಲೆ ಏರಿಸಿದಳು. ಇದಾಲೀನಾ ಬಡಿಸಿದ ಆಲೂಗಡ್ಡೆ ಉಂಡಳು. ಗುಳಿಗೆ ನುಂಗಿದಳು. ಅಂಗಳದಲ್ಲಿ ಚಪ್ಪಾಳೆ ಬಿತ್ತು. ಅಕ್ಷರಾ ಹೊರಗೆ ಹೋಗಿ ತೊಟ್ಟಿಯ ನೀರಿಗೆ ಮುಖವನ್ನೇ ಅದ್ದಿದಳು, ಅತ್ತದ್ದು ಕಾಣದ ಹಾಗೆ. ಅಯ್ಯನವರಿಗೂ ಮೆಸೇಜು ಹೋಯಿತು: ಸಿಕ್ಕಿತು.

ಟೊರೊಂಟೊಗೆ ಬಂದ ಮೇಲೆ ಆ ಸುದ್ದಿ ಅವರಿಗಿಂತ ಮುಂದೆ ಮನೆಮನೆ ತಿರುಗಿತ್ತು. ಚನ್ನಬಸಯ್ಯನವರು ಒಂದು ಮನೆಯ ಶಿವಾನುಭವ ಗೋಷ್ಠಿಯಲ್ಲಿ ಜಯಶೀಲಾಳನ್ನು ಮುಂದೆ ಕೂರಿಸಿಕೊಂಡು ಹೇಳಿದರು: "ನೋಡ್ರಿ, ಕಡಲಾಚೆ ಕಳದದ್ದು ತಿರುಗಿ ಕೈಗೆ ಬಂತು. ನಿಷ್ಠಾ ಅಂದ್ರ ಇದು." ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಗಸರು ಅಕ್ಷರಾಳ ಗಲ್ಲ ಸವರಿದರು, ಹುಡುಕಿಕೊಟ್ಟ ಮಗಳು ಅಂತ. ಜಯಶೀಲಾ ತಲೆ ತಗ್ಗಿಸಿ ಕೂತಿದ್ದಳು. ವಿನಯ ಅಂದುಕೊಂಡರು.

ಶ್ರಾವಣ ಕಳೆಯಿತು. ಒಂದು ದಿನ ಯೂನಿಯನ್‌ವಿಲ್ಲಿನಲ್ಲಿ ಅಕ್ಷರಾಳ ಫೋನು ಬಡಿದುಕೊಂಡಿತು. ಫಿಲೋಮಿನಾ.

"ನಿನ್ನ ತಾಯಿ ಬ್ರೇಕಿನಲ್ಲಿ ಊಟ ಮಾಡುವುದಿಲ್ಲ. ಡಬ್ಬಿ ನನಗೆ ಕೊಡುತ್ತಾಳೆ. ನಿಮ್ಮ ರೊಟ್ಟಿ ಪಲ್ಯ ತಿಂದು ನಾನು ದಪ್ಪಗಾದೆ, ಅವಳು ಕೋಟಿನೊಳಗೆ ಕಾಣಿಸುತ್ತಾ ಇಲ್ಲ. ಕೇಳಿದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಾಳೆ. ಇವತ್ತು ಲೈನಿನ ಪಕ್ಕ ಕುಸಿದಳು. ನಾನೇ ಮನೆಗೆ ಬಿಟ್ಟು ಬಂದೆ. ನೀನು ಬಾ."

ಅಕ್ಷರಾ ಮೀಟಿಂಗು ಬಿಟ್ಟು ಎದ್ದು ಬಂದಳು. ರೆಕ್ಸ್‌ಡೇಲಿನ ಮನೆಗೆ ಬಂದರೆ ಜಯಶೀಲಾ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಳು.

"ನೀ ಬರ್ತೀ ಅಂತ ಗೊತ್ತಿತ್ತು. ಆಕಿ ಬಾಯಿ ನಿಲ್ಲಂಗಿಲ್ಲ."

"ಯಾಕ ಉಣವಲ್ಲಿ ಅವ್ವಾ? ವೀಕೆಂಡಿಗೆ ನಾ ಬಂದಾಗ ಉಣ್ತೀಯಲ್ಲ!"

"ನೀ ಬಂದಾಗ ಉಣ್ತೀನಿ."

"ಮತ್ತ ಉಳಿದ ದಿನಾ?"

"ಗುಳಿಗಿ ನುಂಗಾಕ ಎಷ್ಟ ಬೇಕೋ ಅಷ್ಟ."

"ಬಟ್ ವೈ? ಲಿಂಗ ಸಿಕ್ತಲ್ಲ! ನಾನ ಹುಡುಕಿ ಕೊಟ್ನೆಲ್ಲ!"

ಜಯಶೀಲಾ ಒಲೆ ಆರಿಸಿದಳು. ಕೈ ತೊಳೆದು ಒರೆಸಿಕೊಂಡು ಮಗಳ ಹಳೆಯ ಕೋಣೆಗೆ ಹೋಗಿ, ಡ್ರಾಯರು ಎಳೆದು, ಪುಟ್ಟ ಬೆಳ್ಳಿ ಕರಡಿಗೆ ತಂದಳು. ಅಕ್ಷರಾಳದ್ದು, ತೊಟ್ಟಿಲ ದಿನದ್ದು. ಆಮೇಲೆ ತನ್ನ ಕೊರಳಿನದನ್ನು ಬಿಚ್ಚಿದಳು.

"ಎರಡೂ ಕೈ ಚಾಚು. ಕಣ್ಣ ಮುಚ್ಚು."

ಒಂದೊಂದು ಅಂಗೈಗೆ ಒಂದೊಂದು ಇಟ್ಟಳು.

"ತೂಕ ನೋಡು."

ಒಂದು ಕೈಯಲ್ಲಿ ಇಟ್ಟದ್ದೇ ಗೊತ್ತಾಗದಷ್ಟು ಹಗುರ. ಇನ್ನೊಂದು ಕೈ ತಾನಾಗಿ ಕೆಳಗೆ ಜಗ್ಗಿತು. ಅಕ್ಷರಾ ಕಣ್ಣು ಬಿಡಲಿಲ್ಲ. ಬಿಡದೆಯೇ ಅಡುಗೆಮನೆಯ ನೆಲದ ಮೇಲೆ ಕೂತಳು.

"ಯಾವಾಗ ಗೊತ್ತಾತು?"

"ಅಲ್ಲೇ. ಕೈಗೆ ಬಂದ ಕೂಡ್ಲೆ. ಎಣ್ಣಿ ವಾಸನೀನೂ ಬಂತು."

"ಮತ್ತ ಯಾಕ ಉಂಡಿ?"

"ನೀ ಎದುರಿಗೆ ನಿಂತಿದ್ದಿ. ನಿನ್ನ ಮಾರಿ ನೋಡಿದ್ನಿ. ಆ ಹೆಣ್ಮಕ್ಕಳ ಮಾರಿ ನೋಡಿದ್ನಿ. ಬ್ಯಾರೆ ಏನ್ ಮಾಡ್ಬೇಕಿತ್ತು?"

"ಇಲ್ಲಿ ಬಂದ ಮ್ಯಾಲೆ ಅಯ್ನಾರ ಕಡೆ ಹೋಗಿ ಹೊಸಾದ ಕಟ್ಟಿಸ್ಕೋಬೇಕಿತ್ತು! ಅಷ್ಟ ಸಿಂಪಲ್!"

"ಏನಂತ ಹೇಳಿ ಕಟ್ಟಿಸ್ಕೊಳ್ಳಿ? ಸಿಕ್ತು ಅಂತ ನೀ ಹೇಳಿದಿ. ಅವರು ಮಂದಿಗೆಲ್ಲಾ ಹೇಳಿದ್ರು. ನಾ ಹೋಗಿ ಇದು ಕಲ್ಲು ಅಂದ್ರ, ನನ್ನ ಮಗಳು ಸುಳ್ಳಿ ಅಂದಂಗ. ನಾ ಹೆಂಗ ಅನ್ಲಿ?"

"ಸೋ ಯು ಸ್ಟಾರ್ವ್? ನನ್ನ ಮಾರಿ ಉಳಸಾಕ? ದಟ್ಸ್ ನಾಟ್ ಫೇರ್, ಅವ್ವಾ! ನನಗ ಅದನ್ನ ಕೊಡಬ್ಯಾಡ!" ಅಂತ ಅಕ್ಷರಾ ಚೀರಿದಳು. ಚೀರುವಾಗಲೂ ಎರಡೂ ಅಂಗೈ ಹಾಗೇ ಚಾಚಿಕೊಂಡಿದ್ದಳು, ಇಟ್ಟದ್ದು ಬೀಳದ ಹಾಗೆ.

ಜಯಶೀಲಾ ಬಗ್ಗಿ ಎರಡನ್ನೂ ತೆಗೆದುಕೊಂಡಳು. ಮಗಳದ್ದನ್ನು ಅದರ ಕರಡಿಗೆಗೆ ಹಾಕಿ ಮುಚ್ಚಿದಳು. ಹೊಳೆಗಲ್ಲನ್ನು ಕಿಟಕಿಯ ಹತ್ತಿರ ಇಟ್ಟಳು.

ಅಕ್ಷರಾ ಮೂಗು ಒರೆಸಿಕೊಂಡು ಫೋನು ತೆಗೆದು, ಸ್ಪೀಕರಿಗೆ ಹಾಕಿದಳು. ಗುಂಯ್ ಅನ್ನುವ ಸದ್ದು ಮೊದಲು ಬಂತು, ಆಮೇಲೆ ಧ್ವನಿ.

"ಅಯ್ನಾರ, ನಾ ಅಕ್ಷರಾ. ಲಿಸ್ಬನ್ನಾಗ ಸಿಕ್ಕದ್ದು ಲಿಂಗ ಅಲ್ರಿ. ಐ ಲೈಡ್. ಕುಂಡದಾಗಿನ ಕಲ್ರಿ ಅದು. ಅವ್ವಗ ಗೊತ್ತಿತ್ತು. ಅವ್ವ ಅವತ್ತಿಂದ ಸರೀಗೆ ಉಂಡಿಲ್ಲ."

ಚನ್ನಬಸಯ್ಯನವರು ಅಂದರು: "ನಾ ಎಲ್ಲಾರ ಮುಂದ ಕುಂತು ಹೇಳೀನಲ್ಲವ್ವಾ. ಈಗ ಅವರಿಗೆ ಏನ್ ಹೇಳ್ಲಿ?"

"ನಾನ ಹೇಳ್ತೀನ್ರಿ. ಬಂದು ನಿಂತು ಹೇಳ್ತೀನಿ."

"ನನ್ನ ಕನ್ನಡಕಿಂತ ನಿನ್ನ ಕನ್ನಡ ಕೆಟ್ಟೈತಿ, ಆದ್ರೂ ನೀನ ಹೇಳು" ಅಂದರು ಅವರು. ಧ್ವನಿಯಲ್ಲಿ ನಗೆ ಇರಲಿಲ್ಲ. "ಮೊದ್ಲ ನಿಮ್ಮವ್ವನ್ನ ಕರಕೊಂಡ ಬಾ. ನನ್ನ ಶಿಫ್ಟ್ ಮುಗಿಯೂದ್ರಾಗ ಬರ್ರಿ. ಅಕ್ಕಾರ, ಕೇಳಾಕತ್ತೀರೇನು? ಒಂದ ಗುಟುಕ ನೀರ ಕುಡದ ಹೊರಡ್ರಿ. ನಾ ಹೇಳೀನಿ."

ಜಯಶೀಲಾ ಲೋಟ ತೆಗೆದುಕೊಂಡಳು. ತುಟಿಯ ತನಕ ಒಯ್ದು ಕೆಳಗಿಟ್ಟಳು. "ಇಷ್ಟ ದಿನಾ ನಡೀತು. ಇನ್ನೊಂದ ತಾಸು" ಅಂದಳು. ಅಕ್ಷರಾ ಲೋಟದ ನೀರನ್ನು ಬಾಟಲಿಗೆ ಸುರಿದು ಚೀಲದಲ್ಲಿಟ್ಟುಕೊಂಡಳು. ತನ್ನ ಪುಟ್ಟ ಕರಡಿಗೆಯನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು ನಿಂತು, ಮತ್ತೆ ಡ್ರಾಯರಿನಲ್ಲಿಟ್ಟು ಬಂದಳು.

ಕಾರು ನಾಲ್ಕುನೂರು ನಂಬರಿನ ಹೈವೇ ಹಿಡಿದು ಉತ್ತರಕ್ಕೆ, ನ್ಯೂಮಾರ್ಕೆಟ್ಟಿನ ಕಡೆ ಓಡಿತು. ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಜಯಶೀಲಾಳ ಮಡಿಲಲ್ಲಿ. ಕಾರಿನ ತುಂಬ ಅದರ ವಾಸನೆ. ತೋಳು ಮಡಚಿ ಎದೆಗೆ ಒತ್ತಿಕೊಂಡಳು, ಏನೂ ತಾಗಲಿಲ್ಲ, ಮತ್ತೆ ಒತ್ತಿಕೊಂಡಳು.

"ಅದು ಅಲ್ಲೇ ಐತಿ, ಅಕ್ಷರಾ" ಅಂದಳು. "ಆ ಕರೀ ಕಲ್ಲಿನಾಗ ಎಲ್ಲೋ. ಮಂದಿ ಮ್ಯಾಲೆ ಕಾಲಿಟ್ಟು ಹೋಗ್ತಿರ್ತಾರ."

ಅಕ್ಷರಾ ಒಂದು ಟ್ರಕ್ಕನ್ನು ದಾಟಿದಳು.

"ಇದಾಲೀನಾ ದಿನಾ ಬೆಳಿಗ್ಗೆ ಓಣಿಗೆ ನೀರ ಹಾಕ್ತಾಳಲ್ಲ ಅವ್ವಾ. ಅದರ ಮ್ಯಾಲೂ ಬೀಳ್ತೈತಿ."

ರೊಟ್ಟಿಯ ಗಂಟು ಸಡಿಲವಾಗಿತ್ತು. ಜಯಶೀಲಾ ಅದನ್ನು ಬಿಚ್ಚಿ, ಎಳೆದು ಕಟ್ಟಿ, ಮತ್ತೊಮ್ಮೆ ಕಟ್ಟಿದಳು.